ಮೂಗಿನ ಗಂಟಿಗೆ ಮೆದುಳಿನ ಸ್ಕ್ಯಾನ್ ಯಾಕೆ?

ಪ್ರಶ್ನೆ: ನನ್ನ ತಂಗಿಯ ಎರಡು ತಿಂಗಳ ಮಗುವಿಗೆ ಹುಟ್ಟಿದಾಗಿನಿಂದ ಮೂಗಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟಿದೆ. ನೋವೇನೂ ಇದ್ದಂತಿಲ್ಲ, ಹಾಲು ಚೆನ್ನಾಗಿ ಕುಡಿಯುತ್ತದೆ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಸಾಲದೆ? ಡಾಕ್ಟರು ಮೊದಲು ತಲೆಯ ಎಂಆರ್‌ಐ ಆಗಲೇಬೇಕು ಅನ್ನುತ್ತಾರೆ. ಇಷ್ಟು ಚಿಕ್ಕ ಗಂಟಿಗೆ ಅಷ್ಟು ದೊಡ್ಡ ಪರೀಕ್ಷೆ ಬೇಕೆ?

ಉತ್ತರ: ಬೇಕು. ಗಂಟು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದರ ಬೇರು ಎಲ್ಲಿಯವರೆಗೆ ಹೋಗಿದೆ ಎನ್ನುವುದು ಇಲ್ಲಿ ಮುಖ್ಯ. ಮೂಗಿನ ನಡುಭಾಗದಲ್ಲಿ ಹುಟ್ಟಿನಿಂದಲೇ ಇರುವ ಗಂಟು ಅಪರೂಪ. 20ರಿಂದ 40 ಸಾವಿರ ಶಿಶುಗಳಲ್ಲಿ ಒಂದಕ್ಕೆ ಕಾಣಿಸುತ್ತದೆ. ಅಂಥವುಗಳಲ್ಲಿ ಕೆಲವಕ್ಕೆ ಮೆದುಳಿನ ಜತೆ ನಂಟಿರುತ್ತದೆ.

ಗರ್ಭದಲ್ಲಿ ಮೂಗು ರೂಪುಗೊಳ್ಳುವಾಗ ಮೆದುಳಿನ ಹೊರಪೊರೆಯ ಒಂದು ಎಳೆ ತಲೆಬುರುಡೆಯ ತಳದಲ್ಲಿರುವ ಸಣ್ಣ ರಂಧ್ರದಿಂದ ಇಳಿದು ಮೂಗಿನ ಚರ್ಮವನ್ನು ಮುಟ್ಟುತ್ತದೆ. ಆಮೇಲೆ ಅದು ಹಿಂದೆ ಸರಿದು ರಂಧ್ರ ಮುಚ್ಚಿಕೊಳ್ಳಬೇಕು. ಸರಿಯುವಾಗ ಚರ್ಮವನ್ನೂ ಒಳಗೆಳೆದುಕೊಂಡರೆ ಡರ್ಮಾಯ್ಡ್ ಆಗುತ್ತದೆ. ಮೆದುಳಿನ ಅಂಗಾಂಶದ ಚೂರು ಹೊರಗೇ ಉಳಿದರೆ ಗ್ಲಯೋಮಾ; ಇದು ಕ್ಯಾನ್ಸರ್ ಅಲ್ಲ. ದಾರಿ ಮುಚ್ಚದೆ ಪೊರೆ, ಕೆಲವೊಮ್ಮೆ ಮೆದುಳಿನ ಭಾಗವೂ, ಹೊರಕ್ಕೆ ಚಾಚಿದರೆ ಎನ್ಸೆಫಲೋಸೀಲ್.

ಮುಟ್ಟಿ ನೋಡಿದರೂ ಸ್ವಲ್ಪ ಸುಳಿವು ಸಿಗುತ್ತದೆ. ಮಗು ಅತ್ತಾಗ ಉಬ್ಬಿ, ಒತ್ತಿದರೆ ತಗ್ಗುವ, ಟಾರ್ಚ್ ಹಿಡಿದರೆ ಬೆಳಕು ಹಾಯುವ ಮೆತ್ತನೆಯ ಗಂಟಾದರೆ ಎನ್ಸೆಫಲೋಸೀಲ್ ಅನುಮಾನ. ಮೂಗಿನ ಮೇಲೆ ಸೂಜಿಮೊನೆಯಂಥ ಕುಳಿ, ಅದರಿಂದ ಒಂದು ಕೂದಲು ಹೊರಬಂದಿದ್ದರೆ ಡರ್ಮಾಯ್ಡ್ ಎಂದೇ ಹೇಳಬಹುದು. ಗ್ಲಯೋಮಾ ಗಟ್ಟಿ, ಅತ್ತರೂ ಉಬ್ಬದು. ಆದರೂ 100 ಗ್ಲಯೋಮಾಗಳಲ್ಲಿ ಸುಮಾರು 15ಕ್ಕೆ ಮೆದುಳಿನವರೆಗೆ ಹೋಗುವ ನಾರಿನಂಥ ತೊಟ್ಟು ಇರುತ್ತದೆ. ಅದು ಬೆರಳಿಗೆ ಸಿಗುವುದಿಲ್ಲ. ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ಮೆದುಳಿನ ಸುತ್ತಲಿನ ದ್ರವ ಸೋರಬಹುದು, ಆ ದಾರಿಯಲ್ಲೇ ಸೋಂಕು ಒಳಹೊಕ್ಕು ಮೆನಿಂಜೈಟಿಸ್ ಆಗಬಹುದು. ಆದ್ದರಿಂದಲೇ ಮೊದಲು ಸ್ಕ್ಯಾನ್.

ಎಂಆರ್‌ಐನಲ್ಲಿ ವಿಕಿರಣವಿಲ್ಲ. ಮೆದುಳು, ದ್ರವ, ತೊಟ್ಟು ಅದರಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಮೂಳೆಯ ವಿವರ ನೋಡಲು ಸಿಟಿ ಸ್ಕ್ಯಾನ್ ಒಳ್ಳೆಯದು, ಆದರೆ ಅದರಲ್ಲಿ ವಿಕಿರಣವಿದೆ. ಹಸುಗೂಸಿನ ಬುರುಡೆಯ ತಳ ಇನ್ನೂ ಮೆದುಮೂಳೆಯಾಗಿರುವುದರಿಂದ ಇಲ್ಲದ ತೂತು ಇದ್ದಂತೆಯೂ ಸಿಟಿಯಲ್ಲಿ ಕಾಣಬಹುದು. ಮಕ್ಕಳ ಸ್ಕ್ಯಾನ್ ಓದಿ ಪಳಗಿದ ರೇಡಿಯಾಲಜಿಸ್ಟ್ ನೋಡಿದರೆ ಒಳ್ಳೆಯದು. ಎರಡು ತಿಂಗಳ ಮಗುವಿಗೆ ಹಾಲುಣಿಸಿ, ಬಟ್ಟೆ ಸುತ್ತಿ, ನಿದ್ದೆ ಹತ್ತಿದ ಮೇಲೆ ಅರಿವಳಿಕೆ ಇಲ್ಲದೆಯೇ ಎಂಆರ್‌ಐ ಮಾಡುವುದೂ ಉಂಟು. ಹಾಗಾಗುತ್ತದೆಯೇ ಎಂದು ಕೇಳಿ ನೋಡಿ.

ಒಳಗೆ ನಂಟಿಲ್ಲ ಎಂದು ಗೊತ್ತಾದರೆ ಆಪರೇಷನ್ ಸರಳ. ನಂಟಿದ್ದರೆ ನ್ಯೂರೋಸರ್ಜನ್ ಕೂಡ ಜತೆಗಿರಬೇಕಾಗುತ್ತದೆ. ಅಲ್ಲಿಯವರೆಗೆ ಗಂಟನ್ನು ಹಿಸುಕಬೇಡಿ, ಯಾರಿಂದಲೂ ಚುಚ್ಚಿಸಬೇಡಿ, ಮನೆಮದ್ದು ಹಚ್ಚಬೇಡಿ. ಜ್ವರ ಬಂದರೆ, ಮೂಗಿನಿಂದಾಗಲಿ ಗಂಟಿನಿಂದಾಗಲಿ ನೀರಿನಂಥ ದ್ರವ ಸೋರಿದರೆ, ಉಸಿರಾಟಕ್ಕೆ ಕಷ್ಟವಾದರೆ ಸ್ಕ್ಯಾನಿನ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.