ಅಸಲು, ನಕಲು ಮತ್ತು ಯುದ್ಧಚಿತ್ರ

ಹಳೆಯ ಯುದ್ಧಗಳ ಚಿತ್ರಗಳನ್ನು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ, ಕೈಯಿಂದಲೇ ಮತ್ತೆ ಬಿಡಿಸಿ ಮಾರುವುದು ಇಂದು ಒಂದು ವ್ಯಾಪಾರ. ಗ್ರಾಹಕರು ಅಳತೆ ಹೇಳಿದರೆ ಆ ಅಳತೆಗೆ ಬಿಡಿಸಿಕೊಡುತ್ತಾರೆ. ಇಂಥ ಚಿತ್ರವನ್ನು ಕಂಡು "ಇದು ಬರೀ ನಕಲು" ಎಂದು ತಳ್ಳಿಹಾಕುವವರಿದ್ದಾರೆ. "ಯುದ್ಧ ಹೀಗೆಯೇ ನಡೆಯಿತು" ಎಂದು ನಂಬುವವರೂ ಇದ್ದಾರೆ. ಇಬ್ಬರದೂ ಅವಸರದ ತೀರ್ಮಾನ. ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ ಎರಡು ಚಿತ್ರಗಳಿಂದ ಇದನ್ನು ತಿಳಿಯಬಹುದು.

ಪೊಲ್ಲಿಲೂರಿನ ಚಿತ್ರ

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯವು ಕರ್ನಲ್ ವಿಲಿಯಂ ಬೈಲಿಯ ಕಂಪನಿ ಪಡೆಯನ್ನು ಸೋಲಿಸಿತು. 1784ರಲ್ಲಿ ಟಿಪ್ಪು ಈ ಗೆಲುವನ್ನು ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಸಿದರು. ಕೆಂಪು ಅಂಗಿಯ ಸೈನಿಕರು ಚೌಕಾಕಾರದಲ್ಲಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಟಿಪ್ಪು ಮಾತ್ರ ಶಾಂತವಾಗಿ ಹೂವಿನ ಪರಿಮಳ ನೋಡುತ್ತಿದ್ದಾರೆ.

ಆದರೆ ನಾವು ಇಂದು ನೋಡುವ ಬಣ್ಣವೆಲ್ಲ 1784ರದ್ದಲ್ಲ. 1799ರ ಮುತ್ತಿಗೆಗೆ ಮೊದಲೇ ಚಿತ್ರ ಕೆಟ್ಟಿತ್ತು. ಆಮೇಲೆ ಆ ಅರಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ತನ್ನವರ ಸೋಲಿನ ಚಿತ್ರವನ್ನು ಗೆದ್ದವನೇ ಉಳಿಸಿದ್ದು ವಿಶೇಷ. ನಂತರ ಅದಕ್ಕೆ ಮತ್ತೆ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರದ ಪರಿಚಯವಿದ್ದ ಭಾರತೀಯ ಕಲಾವಿದನಿಂದ ಅದನ್ನು ಮತ್ತೆ ಬಿಡಿಸಿದ. ಅಂದರೆ ಗೋಡೆಯ "ಅಸಲು" ಚಿತ್ರದಲ್ಲೇ ನಕಲು ಸೇರಿದೆ.

ಇದೇ ದೃಶ್ಯದ ಇನ್ನೊಂದು ಹಳೆಯ ರೂಪ ಹತ್ತು ಹಾಳೆಗಳ ಮೇಲಿದೆ. ಅದರ ಉದ್ದ ಸುಮಾರು 32 ಅಡಿ. 19ನೇ ಶತಮಾನದ ಆರಂಭದಲ್ಲೇ ಅದು ಇಂಗ್ಲೆಂಡಿಗೆ ಹೋಗಿತ್ತು. ಹಾಗಾಗಿ ಗೋಡೆಯ ಮೇಲೆ ಅಳಿಸಿಹೋದದ್ದಕ್ಕೆ ಅದು ಸಾಕ್ಷಿಯಾಗಬಲ್ಲದು. 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 6,30,000 ಪೌಂಡಿಗೆ ಮಾರಾಟವಾಯಿತು.

ಸುಟ್ಟುಹೋದ ಮೂಲ

ಎರಡನೆಯದು 1799ರ ಮೇ 4ರ ಶ್ರೀರಂಗಪಟ್ಟಣದ ಪತನದ ಚಿತ್ರ. ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ 1800ರಲ್ಲಿ ಲಂಡನ್ನಿನಲ್ಲಿ 100 ಅಡಿಗೂ ಉದ್ದದ ಚಿತ್ರವನ್ನು ಕೆಲವೇ ವಾರಗಳಲ್ಲಿ ಬಿಡಿಸಿದ. ಅವನು ಆ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಕೋಟೆ ಏರುವ ಇಂಗ್ಲಿಷ್ ಸೈನಿಕರ ಸಾಹಸವೇ ಅಲ್ಲಿನ ಮುಖ್ಯ ವಿಷಯ. ಜನ ದುಡ್ಡು ಕೊಟ್ಟು ನೋಡಿದರು. ಮುಂದೆ ಆ ಚಿತ್ರ ಬೆಂಕಿಗೆ ಆಹುತಿಯಾಯಿತು. ಅದನ್ನು ನೋಡಿ ಕೆತ್ತಿದ ಮುದ್ರಣಗಳು ಮಾತ್ರ ಉಳಿದವು. ಇಲ್ಲಿ ನಕಲು ಬದುಕಿದೆ, ಅಸಲು ಇಲ್ಲ.

ನಕಲಿನಲ್ಲಿ ಬದಲಾಗುವುದೇನು?

"ಅಸಲು", "ನಕಲು" ಎರಡೂ ಅರಬಿ ಮೂಲದ ಪದಗಳು. ಅಸ್ಲ್ ಎಂದರೆ ಬೇರು. ನಕ್ಲ್ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಸಾಗಿಸುವಾಗ ಸ್ವಲ್ಪ ಸೋರಿಹೋಗುವುದೂ ಉಂಟು. ಪೊಲ್ಲಿಲೂರಿನ ಚಿತ್ರದಲ್ಲಿ ಸೈನಿಕರು ಸಾಲು ಸಾಲಾಗಿ, ಒಂದರ ಮೇಲೊಂದು ಸಾಲಿನಂತೆ ಕಾಣುತ್ತಾರೆ. ನೆರಳು ಬೆಳಕಿನ ಆಟ ಕಡಿಮೆ. ಎಣ್ಣೆ ಬಣ್ಣದವರು ನೆರಳು ಸೇರಿಸಿದರೆ ಚಿತ್ರದ ಶೈಲಿಯೇ ಬದಲಾಗುತ್ತದೆ. 32 ಅಡಿಯ ದೃಶ್ಯವನ್ನು 4 ಅಡಿಗೆ ಇಳಿಸಿದರೆ ನೂರಾರು ಮುಖಗಳು ಬಿಟ್ಟುಹೋಗುತ್ತವೆ. ಕಪ್ಪು ಬಿಳುಪಿನ ಮುದ್ರಣದಿಂದ ಬಿಡಿಸಿದರೆ ಬಣ್ಣವೆಲ್ಲ ನಕಲುಗಾರನ ಊಹೆಯೇ.

ವಾಣಿಜ್ಯದ ಪಾಠ

ಭಾರತದಲ್ಲಿ ಚಿತ್ರದ ಕೃತಿಸ್ವಾಮ್ಯ ಕಲಾವಿದರ ಜೀವಿತಕಾಲ ಮತ್ತು ನಂತರ 60 ವರ್ಷ ಇರುತ್ತದೆ. ಆದ್ದರಿಂದ ಇಷ್ಟು ಹಳೆಯ ಚಿತ್ರಗಳನ್ನು ಪ್ರತಿ ಮಾಡುವುದು ತಪ್ಪಲ್ಲ. ಅದು ಶ್ರಮದ ಕೆಲಸ, ಅದಕ್ಕೆ ಬೆಲೆ ಸಿಗಬೇಕು. ಆದರೆ ಹೊಸದನ್ನು ಹಳೆಯದೆಂದು ಹೇಳಿ ಮಾರಿದರೆ ಮೋಸ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ವರ್ಣನೆ ಹೇಳಿ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕು. ದೋಷ ಮುಚ್ಚಿಟ್ಟು ಮಾರಬಾರದು ಎಂಬುದು ಇಸ್ಲಾಮಿನ ವ್ಯಾಪಾರ ನೀತಿಯೂ ಹೌದು.

ಖರೀದಿದಾರರಿಗೂ ಜವಾಬ್ದಾರಿ ಇದೆ. ಯುದ್ಧಚಿತ್ರ ಕೊಳ್ಳುವಾಗ, ಪ್ರದರ್ಶನದಲ್ಲಿ ತೂಗುಹಾಕುವಾಗ ಮೂರು ಪ್ರಶ್ನೆ ಕೇಳೋಣ:

1. ಮೂಲ ಚಿತ್ರವನ್ನು ಬಿಡಿಸಿದವರು ಯಾರು, ಯಾರಿಗಾಗಿ?
2. ಈ ಪ್ರತಿ ಯಾವುದನ್ನು ನೋಡಿ ಮಾಡಿದ್ದು: ಗೋಡೆಯನ್ನೇ, ಮುದ್ರಣವನ್ನೇ, ಫೋಟೋವನ್ನೇ?
3. ಏನನ್ನು ಬಿಟ್ಟಿದ್ದಾರೆ, ಏನನ್ನು ಸೇರಿಸಿದ್ದಾರೆ?

ಟಿಪ್ಪು ಬರೆಸಿದ ಚಿತ್ರದಲ್ಲಿ ಟಿಪ್ಪು ಗೆಲ್ಲುತ್ತಾರೆ, ಲಂಡನ್ನಿನ ಚಿತ್ರದಲ್ಲಿ ಕಂಪನಿ ಗೆಲ್ಲುತ್ತದೆ. ಎರಡು ಯುದ್ಧಗಳ ಫಲಿತಾಂಶವೂ ನಿಜವೇ. ಆದರೆ ಒಂದನ್ನು ಮಾತ್ರ ಗೋಡೆಗೆ ಹಾಕಿದರೆ ಇತಿಹಾಸ ಅರ್ಧವಾಗುತ್ತದೆ. ನಮ್ಮ ಕಾಲೇಜಿನ ಪ್ರದರ್ಶನಗಳಲ್ಲಿ ಪ್ರತಿ ಚಿತ್ರದ ಕೆಳಗೆ ಈ ಮೂರು ಉತ್ತರಗಳನ್ನು ಬರೆದು ಅಂಟಿಸಿದರೆ, ನೋಡುವವರು ಚಿತ್ರದ ಜೊತೆಗೆ ಅದರ ಚರಿತ್ರೆಯನ್ನೂ ಓದುತ್ತಾರೆ.