ಚುರುಕು ತಲೆಯವರ ಸುಸ್ತಿಗೆ ಎಂಟು ಸೂತ್ರಗಳು

ಹೆಚ್ಚು ಓದದೆಯೇ ಕ್ಲಾಸಿಗೆ ಮೊದಲು ಬರುತ್ತಿದ್ದವರು, ಈಗ ಆಫೀಸಿನಲ್ಲಿ ಬೇರೆಯವರ ವಾರದ ಕೆಲಸವನ್ನು ಎರಡು ದಿನದಲ್ಲಿ ಮುಗಿಸುವವರು ದಣಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅವರು ಅರ್ಧ ಶಕ್ತಿಯಲ್ಲಿ ಮಾಡಿದ್ದೂ ಮೇಲಿನವರ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಹೀಗಾಗಿ ಸಾಕು ಮಾಡಿ ಅನ್ನುವವರೇ ಇರುವುದಿಲ್ಲ. ಸಂಜೆ ಮನೆಗೆ ಬಂದಾಗ ‘ರಾತ್ರಿಗೆ ಚಪಾತಿಯೋ ಅನ್ನವೋ?’ ಅನ್ನುವ ಪ್ರಶ್ನೆಗೂ ಸಿಡುಕುವಂತಾಗಿದ್ದರೆ, ಮುಂದಿನದ್ದು ನಿಮಗಾಗಿ.

1. ಗಟ್ಟಿ ಕೆಲಸಕ್ಕೆ ನಾಲ್ಕು ಗಂಟೆ ಸಾಕು.
ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಗಣಿತಕ್ಕೆ ಕೂರುತ್ತಿದ್ದದ್ದು ಬೆಳಿಗ್ಗೆ 10ರಿಂದ 12, ಸಂಜೆ 5ರಿಂದ 7. ಅವರನ್ನು ಹತ್ತಿರದಿಂದ ಪರೀಕ್ಷಿಸಿ 1910ರಲ್ಲಿ ಪುಸ್ತಕ ಬರೆದ ಮನೋವೈದ್ಯ ಎದುವಾರ್ ತುಲೂಸ್ ದಾಖಲಿಸಿದ ದಿನಚರಿ ಇದು. ಡಾರ್ವಿನ್ ಕೂಡ ತಮ್ಮ ಮನೆ ಡೌನ್ ಹೌಸಿನಲ್ಲಿ ಬೆಳಿಗ್ಗೆ ಎರಡು ಕಂತಿನಲ್ಲಿ ಕೆಲಸ ಮಾಡಿ, ಮಧ್ಯಾಹ್ನದ ಹೊತ್ತಿಗೆ ತೋಟದ ದಾರಿಯಲ್ಲಿ ನಡೆಯಲು ಹೊರಡುತ್ತಿದ್ದರು. ಇವರಿಬ್ಬರನ್ನು ಸೋಮಾರಿಗಳೆಂದು ಯಾರೂ ಕರೆದಿಲ್ಲ. ನಿಮ್ಮ ತಲೆ ಯಾವ ಹೊತ್ತಿನಲ್ಲಿ ಚೆನ್ನಾಗಿ ಓಡುತ್ತದೆ ಎಂದು ಗಮನಿಸಿ, ಕಷ್ಟದ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಬಿಲ್ಲು, ಮೇಲ್, ಫೋನು ಉಳಿದ ಹೊತ್ತಿಗಿರಲಿ.

2. ಸುಸ್ತಿನ ಗುರುತುಗಳನ್ನು ಕಲಿಯಿರಿ.
ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು, ಒಬ್ಬರಿಗೆ ಕಳಿಸಬೇಕಾದ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸುವುದು, ‘ಏನೋ ಒಂದು ಆಗಲಿ’ ಎಂದು ಸಹಿ ಹಾಕಿಬಿಡುವುದು. ಕೊನೆಯದೇ ಅಪಾಯಕಾರಿ. 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು, ದಿನವಿಡೀ ತಲೆಗೆ ಕಷ್ಟ ಕೊಡುವ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಸೇರಿಕೊಂಡದ್ದನ್ನು ಕಂಡರು. ಹಾಗೆ ದಣಿದವರು ಮುಂದೆ ಸಿಗುವ ದೊಡ್ಡ ಮೊತ್ತ ಬಿಟ್ಟು, ತಕ್ಷಣ ಸಿಗುವ ಸಣ್ಣ ಮೊತ್ತದ ಕಡೆಗೇ ಹೆಚ್ಚು ವಾಲುತ್ತಿದ್ದರು. ಸೈಟು ಕೊಳ್ಳುವುದು, ಸಾಲ ಮಾಡುವುದು, ರಾಜೀನಾಮೆ ಬರೆಯುವುದು ಬೆಳಿಗ್ಗೆಯೇ ಆಗಲಿ.

3. ಕೆಲಸದಿಂದ ಏಳುವ ಮುನ್ನ ನಾಳೆಯ ಹೆಜ್ಜೆ ಬರೆದಿಡಿ.
ಮುಗಿಯದ ಕೆಲಸ ತಲೆಯಲ್ಲಿ ಗುಂಯ್‌ಗುಡುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಚರ್ಚೆಗೆ ತಂದರು. ಅದನ್ನು ಸುಮ್ಮನಾಗಿಸಲು ಕೆಲಸವನ್ನು ಮುಗಿಸಲೇಬೇಕೆಂದಿಲ್ಲ, ಸ್ಪಷ್ಟ ಯೋಜನೆ ಇದ್ದರೂ ಸಾಕು ಎಂದು 2011ರ ಪ್ರಯೋಗಗಳು ತೋರಿಸಿದವು. ‘ವರದಿ’ ಎಂದಷ್ಟೇ ಗೀಚಿದರೆ ಅದು ಯೋಜನೆಯಾಗದು. ‘ನಾಳೆ 10ಕ್ಕೆ ವರದಿಯ ಮೂರನೇ ಪುಟದ ಅಂಕಿ ತಾಳೆ ನೋಡುವುದು’ ಎಂದು ಬರೆಯಿರಿ. ಹಲವು ವಿಷಯಗಳಲ್ಲಿ ಒಟ್ಟಿಗೆ ಕೈಯಿಟ್ಟಿರುವವರಿಗೆ ಇದಕ್ಕಿಂತ ಅಗ್ಗದ ಔಷಧ ನನಗೆ ಕಂಡಿಲ್ಲ.

4. ‘ಎರಡೇ ನಿಮಿಷ ಸಾರ್’ ಅನ್ನುವವರಿಗೆ ಸಮಯ ಗೊತ್ತು ಮಾಡಿ.
ಎಲ್ಲ ಬಲ್ಲವರ ಟೇಬಲ್ಲಿನ ಹತ್ತಿರ ಸದಾ ಯಾರಾದರೂ ನಿಂತಿರುತ್ತಾರೆ. ಕೈಯಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ನಗು, ‘ಇದೊಂದು ಫಾರ್ಮುಲಾ ನೋಡಿಬಿಡಿ’ ಅನ್ನುವ ಬೇಡಿಕೆ. ನೋಡಲು ಎರಡು ನಿಮಿಷ ಸಾಕು ನಿಜ, ಆದರೆ ನಿಮ್ಮ ಕೆಲಸದ ಎಳೆ ಮತ್ತೆ ಹಿಡಿಯಲು ಅಷ್ಟು ಸಾಲದು. ಕೆಲಸ ಬದಲಿಸಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ‘ಮೂರೂವರೆಗೆ ಬನ್ನಿ, ಕೂತು ನೋಡೋಣ’ ಅನ್ನಿ. ಅರ್ಧದಷ್ಟು ಜನ ಬರುವುದೇ ಇಲ್ಲ. ಅಷ್ಟರಲ್ಲಿ ಅವರಿಗೇ ಉತ್ತರ ಹೊಳೆದಿರುತ್ತದೆ.

5. ಮಧ್ಯಾಹ್ನದ ಮೇಲೆ ಕಾಫಿ ಬೇಡ.
ಕಾಫಿ ದಣಿವನ್ನು ಕಳೆಯುವುದಿಲ್ಲ, ಅದರ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ, ಅಷ್ಟೆ. ನಾಲ್ಕಕ್ಕೆ ಕುಡಿದ ಕೆಫೀನಿನ ಅರ್ಧದಷ್ಟು ರಾತ್ರಿ ಒಂಬತ್ತರ ಸುಮಾರಿಗೂ ಮೈಯಲ್ಲೇ ಇರುತ್ತದೆ.

6. ಊಟದ ನಂತರ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ.
ಅಲಾರಂ ಇಟ್ಟುಕೊಂಡೇ ಮಲಗಿ. ಗಂಟೆಗಟ್ಟಲೆ ಮಲಗಿದರೆ ಎದ್ದಾಗ ಮಂಪರು, ರಾತ್ರಿ ಜಾಗರಣೆ. ಬುದ್ಧಿ ಚುರುಕಾಗಿದ್ದ ಮಾತ್ರಕ್ಕೆ ರಾತ್ರಿಯ ನಿದ್ದೆಯಲ್ಲಿ ರಿಯಾಯಿತಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

7. ಬೇಸರವೂ ಬಳಲಿಸುತ್ತದೆ.
ಮೊದಲ ಹತ್ತು ನಿಮಿಷಕ್ಕೇ ತಿರುಳು ತಿಳಿದ ಮೀಟಿಂಗಿನಲ್ಲಿ ಇನ್ನೊಂದು ಗಂಟೆ ತಲೆಯಾಡಿಸುತ್ತ ಕೂರುವುದು ಗದ್ದೆ ಅಗೆದಷ್ಟೇ ಶ್ರಮ. ತಪ್ಪಿಸಿಕೊಳ್ಳಲಾಗದಿದ್ದರೆ ನಡಾವಳಿ ಬರೆಯುವ ಹೊಣೆಯನ್ನು ನೀವೇ ಕೇಳಿ ಪಡೆಯಿರಿ, ತಲೆಗೆ ಏನಾದರೂ ಕೆಲಸ ಸಿಗುತ್ತದೆ. ಇನ್ನೂ ಮುಖ್ಯವಾದದ್ದು, ನಿಜವಾಗಿ ಕಷ್ಟವೆನಿಸುವ, ಸೋಲಲೂಬಹುದಾದ ಒಂದು ಕಲಿಕೆಗೆ ವಾರದಲ್ಲಿ ಜಾಗ ಮಾಡಿಕೊಳ್ಳಿ. ಅದು ವೀಣೆಯಾಗಲಿ, ಹಳಗನ್ನಡವಾಗಲಿ, ಸಂಖ್ಯಾಶಾಸ್ತ್ರವಾಗಲಿ. ವಿಶ್ರಾಂತಿಯ ಹೆಸರಿನಲ್ಲಿ ರೀಲ್ಸ್ ತಿರುವುತ್ತ ಕೂರುವುದಕ್ಕಿಂತ ಮನಸ್ಸಿಗೆ ಇದು ಹಗುರ.

8. ರಕ್ತಪರೀಕ್ಷೆ ಮಾಡಿಸಿ.
ಬುದ್ಧಿವಂತರು ತಮ್ಮ ಸುಸ್ತಿಗೆ ದೊಡ್ಡ ದೊಡ್ಡ ಸಿದ್ಧಾಂತ ಕಟ್ಟುವುದರಲ್ಲಿ ನಿಸ್ಸೀಮರು. ಕಾರಣ ಹಲವು ಸಲ ತೀರಾ ಸಾದಾ ಆಗಿರುತ್ತದೆ: ಕಬ್ಬಿಣದ ಕೊರತೆ, ಥೈರಾಯ್ಡ್ ಏರುಪೇರು, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ. ಜೋರು ಗೊರಕೆ, ಬೆಳಿಗ್ಗೆ ತಲೆಭಾರ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದೂ ವಿಚಾರಿಸಿ. ಡಾಕ್ಟರ ಮುಂದೆ ಮಾತ್ರ ಗೂಗಲ್ ಮಾಡಿದ ತೀರ್ಪನ್ನು ಒಪ್ಪಿಸಬೇಡಿ. ಯಾವಾಗ ಶುರುವಾಯಿತು, ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ಹೇಳಿ ಸುಮ್ಮನಿರಿ.