ಮೈಕು ಆನ್ ಆಗುತ್ತೆ, ಆದ್ರೆ ಬಳಸೋ ಹಾಗಿಲ್ಲ

ವೈರ್‌ಲೆಸ್ ಮೈಕು ಅಂದ್ರೆ ಒಂದು ಪುಟ್ಟ ರೇಡಿಯೊ ಸ್ಟೇಷನ್. ನಟನ ಕೆನ್ನೆಗೆ ಅಂಟಿಸಿದ ಸಣ್ಣ ಮೈಕಿನಿಂದ ತೆಳುವಾದ ವೈರು ಬೆನ್ನ ಮೇಲೆ ಇಳಿದು ಸೊಂಟದ ಹತ್ತಿರದ ಪ್ಯಾಕಿಗೆ ಸೇರುತ್ತದೆ. ಆ ಪ್ಯಾಕು ಒಂದು ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡುತ್ತದೆ, ರಂಗದ ಪಕ್ಕದಲ್ಲಿರುವ ರಿಸೀವರ್ ಅದನ್ನು ಹಿಡಿದುಕೊಳ್ಳುತ್ತದೆ. ಇಪ್ಪತ್ತು ಜನ ನಟರಿದ್ದರೆ ಇಪ್ಪತ್ತು ಸ್ಟೇಷನ್! ಈ ಸ್ಟೇಷನ್‌ಗಳಿಗೆ ಗಾಳಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಅಮೆರಿಕದ ಹವ್ಯಾಸಿ ರಂಗತಂಡಗಳಿಗೆ ಹತ್ತು ವರ್ಷದಲ್ಲಿ ಎರಡು ಸಲ ಈ ಪ್ರಶ್ನೆ ಎದುರಾಯಿತು. ನಾವು ಈ ಸೆಮಿಸ್ಟರ್‌ನಲ್ಲಿ ಓದ್ತಾ ಇರೋ ಸಿಗ್ನಲ್ಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಅಲ್ಲಿ ಒಂದು ಟಿವಿ ಚಾನೆಲ್‌ಗೆ 6 ಮೆಗಾಹರ್ಟ್ಜ್ ಜಾಗ. ಒಂದು ಊರಲ್ಲಿ ಎಲ್ಲ ಚಾನೆಲ್‌ಗಳೂ ಇರಲ್ಲ, ನಡುನಡುವೆ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಲ್ಲೇ ಮೈಕುಗಳು ಬದುಕುತ್ತಿದ್ದವು. ಖಾಲಿ ಸೈಟಲ್ಲಿ ಹುಡುಗರು ಕ್ರಿಕೆಟ್ ಆಡ್ತಾರಲ್ಲ, ಹಾಗೆ. ಮಾಲೀಕ ಮನೆ ಕಟ್ಟೋಕೆ ಬರೋವರೆಗೂ ಯಾರೂ ಕೇಳಲ್ಲ. ನಿಜ ಹೇಳಬೇಕು ಅಂದ್ರೆ, ಈ ಮೈಕುಗಳಿಗೂ ಲೈಸೆನ್ಸ್ ಬೇಕಿತ್ತು. ಅದು ಸಿಗ್ತಾ ಇದ್ದದ್ದು ಟಿವಿ ಸ್ಟೇಷನ್, ಸಿನಿಮಾ ತಯಾರಕರಂಥವರಿಗೆ. ನಾಟಕ ತಂಡ, ಚರ್ಚು, ಶಾಲೆಗಳು ಲೈಸೆನ್ಸ್ ಇಲ್ಲದೆಯೇ ಬಳಸುತ್ತಿದ್ದವು. ಅಂಗಡಿಯಲ್ಲಿ ಮಾರ್ತಿದ್ರು, ಇವರು ಕೊಂಡುಕೊಳ್ತಿದ್ರು.

2009ರ ಜೂನ್‌ನಲ್ಲಿ ಅಮೆರಿಕದ ಟಿವಿ ಡಿಜಿಟಲ್ ಆಯಿತು. ಡಿಜಿಟಲ್‌ಗೆ ಕಡಿಮೆ ಜಾಗ ಸಾಕಾದ್ದರಿಂದ 698ರಿಂದ 806 ಮೆಗಾಹರ್ಟ್ಜ್ ತನಕ, ಅಂದ್ರೆ 18 ಚಾನೆಲ್‌ಗಳ ಜಾಗ, ಮೊಬೈಲ್ ಕಂಪನಿಗಳಿಗೂ ಪೊಲೀಸ್, ಅಗ್ನಿಶಾಮಕ ದಳದ ರೇಡಿಯೊಗಳಿಗೂ ಹೋಯಿತು. 2010ರ ಜೂನ್ 12ರ ನಂತರ ಅಲ್ಲಿ ಮೈಕು ಬಳಸೋ ಹಾಗಿಲ್ಲ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಆದೇಶ ಕೊಟ್ಟಿತು. ಉಳಿದ ಟಿವಿ ಜಾಗದಲ್ಲಿ ಲೈಸೆನ್ಸ್ ಇಲ್ಲದೆ 50 ಮಿಲಿವ್ಯಾಟ್ ತನಕ ಬಳಸಬಹುದು ಎಂಬ ಸಮಾಧಾನವನ್ನೂ ಜೊತೆಗೇ ಕೊಟ್ಟಿತು.

ತಂಡಗಳು ಟಿಕೆಟ್ ದುಡ್ಡು, ದೇಣಿಗೆ ಎಲ್ಲಾ ಸೇರಿಸಿ ಹೊಸ ಮೈಕು ಕೊಂಡವು. ಎಷ್ಟೋ ತಂಡಗಳು ಕೊಂಡದ್ದು 600 ಮೆಗಾಹರ್ಟ್ಜ್ ಮೈಕು. 2017ರಲ್ಲಿ ಅದೂ ಹರಾಜಾಯಿತು. ಮೊತ್ತ ಸುಮಾರು 1,980 ಕೋಟಿ ಡಾಲರ್, ಅದರಲ್ಲಿ ಟಿ-ಮೊಬೈಲ್ ಒಂದೇ ಕಂಪನಿ ಸುಮಾರು 800 ಕೋಟಿ ಕೊಟ್ಟಿತು. 617ರಿಂದ 652 ಮತ್ತು 663ರಿಂದ 698 ಮೆಗಾಹರ್ಟ್ಜ್ ಜಾಗವನ್ನು ಮೈಕುಗಳು 2020ರ ಜುಲೈ 13ರೊಳಗೆ ಖಾಲಿ ಮಾಡಬೇಕಾಯಿತು. ಆ ದಿನ ಬಂದಾಗ ಕೋವಿಡ್‌ನಿಂದ ಬ್ರಾಡ್‌ವೇ ಕೂಡ ಮುಚ್ಚಿ ನಾಲ್ಕು ತಿಂಗಳಾಗಿತ್ತು. ನಾಟಕವೇ ಇಲ್ಲ, ಟಿಕೆಟ್ ದುಡ್ಡಿಲ್ಲ, ಆದರೆ ಮೈಕು ಬದಲಾಯಿಸಬೇಕು.

ಬೇರೆ ಕಡೆ ಹೋಗಬಹುದಲ್ಲ ಅಂತ ನಮಗೂ ಮೊದಲು ಅನಿಸಿತ್ತು. ಲೆಕ್ಕ ಹಾಕಿ ನೋಡಿ. 600 ಮೆಗಾಹರ್ಟ್ಜ್‌ನಲ್ಲಿ ತರಂಗದ ಉದ್ದ 50 ಸೆಂಟಿಮೀಟರ್. ಆಂಟೆನಾ ಅದರ ಕಾಲು ಭಾಗ, ಅಂದ್ರೆ ಹನ್ನೆರಡೂವರೆ ಸೆಂಟಿಮೀಟರ್. ಸೀರೆಯೊಳಗೋ ಕೋಟಿನೊಳಗೋ ಮುಚ್ಚಿಡಬಹುದು. ಕೆಳಗೆ 180 ಮೆಗಾಹರ್ಟ್ಜ್‌ಗೆ ಇಳಿದರೆ ಆಂಟೆನಾ 42 ಸೆಂಟಿಮೀಟರ್ ಆಗುತ್ತದೆ, ಕುಣಿಯೋ ಪಾತ್ರಕ್ಕೆ ಅದನ್ನು ಕಟ್ಟೋದು ಕಷ್ಟ. ಮೇಲೆ 2.4 ಗಿಗಾಹರ್ಟ್ಜ್‌ಗೆ ಹೋದರೆ ಆಂಟೆನಾ ಬರೀ 3 ಸೆಂಟಿಮೀಟರ್. ಆದರೆ ಅಲ್ಲಿ ವೈಫೈ, ಬ್ಲೂಟೂತ್ ಎಲ್ಲಾ ತುಂಬಿಕೊಂಡಿವೆ, ಮೈಯ ನೀರಿನ ಅಂಶವೂ ಸಿಗ್ನಲ್ಲನ್ನು ಹೆಚ್ಚು ನುಂಗುತ್ತದೆ. ಖಾಲಿ ಹಾಲ್‌ನ ರಿಹರ್ಸಲ್‌ನಲ್ಲಿ ಚೆನ್ನಾಗಿ ಬಂದ ಧ್ವನಿ, ಮುನ್ನೂರು ಜನ ಜೇಬಲ್ಲಿ ಫೋನ್ ಇಟ್ಟುಕೊಂಡು ಕೂತಾಗ ಕಟ್ ಆಗಬಹುದು. ಮೊಬೈಲ್ ಕಂಪನಿಗಳಿಗೂ ಈ ನಡುವಿನ ಜಾಗವೇ ಬೇಕು: ದೂರ ಹೋಗುತ್ತೆ, ಗೋಡೆ ದಾಟುತ್ತೆ. ಇಬ್ಬರಿಗೂ ಒಂದೇ ಸೈಟು ಇಷ್ಟ, ದುಡ್ಡಿರೋದು ಒಬ್ಬರ ಹತ್ತಿರ.

ಉಳಿದಿರುವ 470ರಿಂದ 608 ಮೆಗಾಹರ್ಟ್ಜ್‌ನಲ್ಲಿ 23 ಟಿವಿ ಚಾನೆಲ್‌ಗಳಿವೆ. ಮೇಲಿಂದ ಎಬ್ಬಿಸಿದ ಟಿವಿ ಸ್ಟೇಷನ್‌ಗಳಲ್ಲೂ ಬಹಳಷ್ಟು ಇಲ್ಲಿಗೇ ಬಂದು ಕೂತಿವೆ, ಹಾಗಾಗಿ ದೊಡ್ಡ ಊರುಗಳಲ್ಲಿ ಖಾಲಿ ಇರೋದು ಕಡಿಮೆ. ಒಂದು ಮೈಕಿಗೆ 200 ಕಿಲೋಹರ್ಟ್ಜ್ ಬೇಕು ಅಂದ್ರೆ ಒಂದು ಖಾಲಿ ಚಾನೆಲ್‌ನಲ್ಲಿ 30 ಮೈಕು ಹಿಡಿಸಬೇಕಲ್ವಾ? ಇಲ್ಲ. ಹಳೇ ಅನಲಾಗ್ ಮೈಕಾದರೆ ಆರರಿಂದ ಎಂಟು, ಅಷ್ಟೇ. ಕಾರಣ ಇಂಟರ್‌ಮಾಡ್ಯುಲೇಶನ್. 500.0 ಮತ್ತು 500.4 ಮೆಗಾಹರ್ಟ್ಜ್‌ನ ಎರಡು ಪ್ಯಾಕು ಹತ್ತಿರ ಬಂದಾಗ, ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದ ಜಾಗದಲ್ಲಿ ಭೂತ ಸಿಗ್ನಲ್ ಹುಟ್ಟುತ್ತದೆ: 499.6 ಮತ್ತು 500.8. ಮೂರನೇ ನಟನನ್ನು ನೀಟಾಗಿ 500.8ರಲ್ಲಿ ಕೂರಿಸಿದರೆ ಅವನ ಮಾತಿನ ಬದಲು ಗೊರಗೊರ ಕೇಳಿಸುತ್ತದೆ. ಹತ್ತು ಮೈಕಿದ್ದರೆ ಇಂಥ ಭೂತಗಳು 90, ಮೂರು ಮೂರು ಸೇರಿ ಹುಟ್ಟೋವು ಇನ್ನೂ 360! ಅದಕ್ಕೇ ಮೈಕುಗಳನ್ನು ಸಮಾನ ಅಂತರದಲ್ಲಿ ಇಡಬಾರದು, ಬೇಕಂತಲೇ ಏರುಪೇರಾಗಿ ಇಡಬೇಕು. ಡಿಜಿಟಲ್ ಮೈಕುಗಳು ಹೆಚ್ಚು ಒತ್ತಾಗಿ ಕೂರುತ್ತವೆ, ಆದರೆ ಬೆಲೆ ಜಾಸ್ತಿ.

ನಮಗೆ ಸರಿ ಕಾಣದ ವಿಷಯ ಇದಲ್ಲ. ಸ್ಪೆಕ್ಟ್ರಮ್ ಫೋನಿಗೆ ಹೋಗಲಿ, ನಾವೂ ಫೋನ್ ಬಳಸೋರೇ. ಆದರೆ 2014ರಲ್ಲಿ ಎಫ್‌ಸಿಸಿ ದೊಡ್ಡ ರಂಗಮಂದಿರಗಳಿಗೂ ಸೌಂಡ್ ಕಂಪನಿಗಳಿಗೂ ಲೈಸೆನ್ಸ್ ಕೊಡಲು ಒಪ್ಪಿದಾಗ ಇಟ್ಟ ಷರತ್ತು ನೋಡಿ: ವಾಡಿಕೆಯಾಗಿ 50 ಅಥವಾ ಹೆಚ್ಚು ಮೈಕು ಬಳಸುತ್ತಿರಬೇಕು. ಲೈಸೆನ್ಸ್ ಇದ್ದರೆ 250 ಮಿಲಿವ್ಯಾಟ್ ತನಕ ಶಕ್ತಿ, ಜೊತೆಗೆ ಲೈಸೆನ್ಸ್ ಇಲ್ಲದ ಬೇರೆ ಉಪಕರಣಗಳಿಂದ ರಕ್ಷಣೆ. ಹದಿನೈದು ಮೈಕಿನ ಊರ ತಂಡಕ್ಕೆ ಇದ್ಯಾವುದೂ ಇಲ್ಲ. ನಲವತ್ತು ಮೈಕು ಹಾಳಾದರೆ ಬದಲಿ ತರೋ ಶಕ್ತಿ ಇರೋ ರಂಗಮಂದಿರಕ್ಕೆ ಕಾವಲು, ನಾಲ್ಕು ಮೈಕು ಹೋದರೆ ನಾಟಕವೇ ನಿಲ್ಲೋ ತಂಡಕ್ಕೆ ಏನೂ ಇಲ್ಲ. ಮೈಕಿನ ಎಣಿಕೆಯಿಂದ ಅಗತ್ಯವನ್ನು ಅಳೆಯೋದು ನಮ್ಮ ಪ್ರಕಾರ ತಪ್ಪು ಅಳತೆ. ಬ್ರಿಟನ್‌ನಲ್ಲಿ 800 ಮೆಗಾಹರ್ಟ್ಜ್‌ನಿಂದ ಮೈಕುಗಳನ್ನು ಎಬ್ಬಿಸಿದಾಗ ಲೈಸೆನ್ಸ್ ಇದ್ದವರಿಗೆ ಸರ್ಕಾರದ ದುಡ್ಡಿನಲ್ಲಿ ಪರಿಹಾರ ಕೊಟ್ಟರು. ಅಮೆರಿಕದ ಸಣ್ಣ ತಂಡಗಳಿಗೆ ಸಿಕ್ಕಿದ್ದು ಹಳೇದು ಕೊಟ್ಟು ಹೊಸದು ಕೊಂಡರೆ ಕೆಲವು ಮೈಕು ಕಂಪನಿಗಳು ಕೊಟ್ಟ ರಿಯಾಯಿತಿ.

ಹಾಗಾಗಿ ತಂಡಗಳು ಜುಗಾಡ್ ಮಾಡುತ್ತವೆ. ಒಂದು ಪಾತ್ರ ಒಳಗೆ ಹೋದ ತಕ್ಷಣ ಅದೇ ಪ್ಯಾಕನ್ನು ಇನ್ನೊಬ್ಬರಿಗೆ ಕಟ್ಟುತ್ತಾರೆ. ಗುಂಪಿನ ಹಾಡಿಗೆ ಮೇಲಿಂದ ವೈರಿನ ಮೈಕು ಇಳಿಬಿಡುತ್ತಾರೆ. ರಿಸೀವರ್‌ನ ಆಂಟೆನಾವನ್ನು ಹಿಂದಿನ ಸೌಂಡ್ ಟೇಬಲ್ ಹತ್ತಿರ ಇಡದೆ ರಂಗದ ಪಕ್ಕಕ್ಕೇ ತರುತ್ತಾರೆ, ಇದು ಪುಕ್ಕಟೆ ಉಪಾಯ, ಫಲವೂ ಚೆನ್ನಾಗಿದೆ.

ಅಲ್ಲಿನ ಕನ್ನಡ ಕೂಟಗಳು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಯುಗಾದಿಗೆ ನಾಟಕ ಆಡಿದರೂ ಇದೇ ಕಾನೂನು. ನಮಗೂ ಒಂದು ಕೊಂಡಿ ಇದೆ. ಭಾರತದಲ್ಲೂ 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ಜಿಯೋ ಪಾಲಾಗಿದೆ. ಅಮೆರಿಕದಿಂದ ಬರೋ ಮಾವನೋ ಅಣ್ಣನೋ "ಸೆಕೆಂಡ್‌ಹ್ಯಾಂಡ್, ತುಂಬಾ ಚೀಪಾಗಿ ಸಿಕ್ತು ಕಣೋ" ಅಂತ ಮೈಕ್ ಸೆಟ್ ತಂದುಕೊಟ್ಟರೆ, ಆನ್ ಮಾಡೋ ಮೊದಲು ಪ್ಯಾಕಿನ ಮೇಲಿರೋ ಲೇಬಲ್ ಓದಿ. ಹಸಿರು ದೀಪ ಹೇಗಿದ್ದರೂ ಹತ್ತುತ್ತೆ, ಧ್ವನಿಯೂ ಬರಬಹುದು. ನೋಡಬೇಕಾದ್ದು ಅಲ್ಲಿ ಬರೆದಿರೋ ಮೆಗಾಹರ್ಟ್ಜ್ ಸಂಖ್ಯೆ.